ಹಿತ್ತಲ ಒಲೆಯ ಜೋನಿ ಬೆಲ್ಲ

ಕೆನಡಾದಿಂದ ಬಂದ ಒಂದು ಪುಟ್ಟ ಸೀಸೆಯಿಂದ ಈ ಪ್ರಯಾಣ ಆರಂಭವಾಯಿತು. 2024ರ ಡಿಸೆಂಬರ್‌ನಲ್ಲಿ ಒಂದು ಮದುವೆಗೆಂದು ಸಿದ್ದಾಪುರದ ಅಕ್ಕನ ಮನೆಗೆ ಹೋಗಿದ್ದೆ. ಒಂಟಾರಿಯೊದಲ್ಲಿ ಕೆಲಸದಲ್ಲಿರುವ ಅಕ್ಕನ ಮಗನೂ ಬಂದಿದ್ದ. ಅವನು ಚಾಕೊಲೇಟು, ಸೆಂಟು ಬಾಟಲಿಗಳ ನಡುವಿನಿಂದ ಜೇನಿನ ಬಣ್ಣದ ಸೀಸೆಯೊಂದನ್ನು ತೆಗೆದು ತನ್ನ ದಾದಿಯ ಮುಂದಿಟ್ಟ. "ದಾದೀ, ಇದು ಅಂಗಡಿಯದ್ದಲ್ಲ. ನಾನೇ ಮಾಡಿದ್ದು. ನಮ್ಮ ಬಾಡಿಗೆ ಮನೆಯ ಹಿತ್ತಲಲ್ಲಿ ಎರಡು ಮೇಪಲ್ ಮರಗಳಿವೆ" ಎಂದ.

ಅಕ್ಕನ ಅತ್ತೆಯನ್ನು ನಾವೆಲ್ಲ ಖಾಲಾ ಎಂದೇ ಕರೆಯುವುದು. ಅವರಿಗೆ ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ. ಸಿಹಿ ಮುಟ್ಟುವುದಿಲ್ಲ. ಅಂದು ಮಾತ್ರ ಬೆರಳ ತುದಿಗೆ ಒಂದು ಹನಿ ತಾಗಿಸಿಕೊಂಡು ನಾಲಿಗೆಗಿಟ್ಟರು. ಕಣ್ಣು ಮುಚ್ಚಿದರು. "ಇದು ಮರದ ಜೋನಿ" ಎಂದರು. ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. "ಹಿಮದಲ್ಲಿ ನಿಂತು ಮರದ ನೀರು ಕಾಯಿಸುವುದನ್ನು ಇವನು ಕಲಿತ. ಈ ಮನೆಯಲ್ಲಿ ಕಬ್ಬಿನ ಹಾಲು ಕಾಯಿಸಲು ಯಾರಿಗೆ ಬರುತ್ತದೆ, ಹೇಳಿ ನೋಡೋಣ" ಎಂದರು.

ಯಾರ ಬಳಿಯೂ ಉತ್ತರವಿರಲಿಲ್ಲ. ಅಕ್ಕ ಆ ಮನೆಗೆ ಸೊಸೆಯಾಗಿ ಬಂದು ಮೂವತ್ತು ವರ್ಷ ದಾಟಿದೆ. ಅವಳು ಕಂಡದ್ದೆಲ್ಲ ನೆರೆಮನೆಯಿಂದ ಡಬ್ಬದಲ್ಲಿ ಬರುವ ಜೋನಿ. ಅದಕ್ಕೂ ಮೊದಲು, ಮಾವ ಬದುಕಿದ್ದಾಗ, ಗದ್ದೆಯ ಒಂದು ಮೂಲೆಯಲ್ಲಿ ಕಬ್ಬಿತ್ತು. ಹಿತ್ತಲಲ್ಲಿ ಒಲೆ ಉರಿಯುತ್ತಿತ್ತು. ಅದರ ಹದ ಗೊತ್ತಿರುವವರು ಈಗ ಖಾಲಾ ಒಬ್ಬರೇ.

ಮಲೆನಾಡಿನ ಹೊರಗಿನ ಓದುಗರಿಗಾಗಿ ಒಂದು ಮಾತು. ಜೋನಿ ಬೆಲ್ಲವೆಂದರೆ ಅಚ್ಚಿಗೆ ಹಾಕದ, ಗಟ್ಟಿಯಾಗುವ ಮೊದಲೇ ಒಲೆಯಿಂದ ಇಳಿಸಿದ ನೀರು ಬೆಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ದೋಸೆಗೂ ಅದೇ, ರೊಟ್ಟಿಗೂ ಅದೇ. ಕಬ್ಬಿನ ರಸಕ್ಕೆ ಇಲ್ಲಿ ರಸ ಎನ್ನುವವರು ಕಡಿಮೆ. ಕಬ್ಬಿನ ಹಾಲು ಎನ್ನುತ್ತಾರೆ.

ಎರಡು ತಿಂಗಳ ನಂತರ, 2025ರ ಫೆಬ್ರವರಿಯಲ್ಲಿ, ಮತ್ತೆ ಹೊರಟೆ. ಆಗ ಶಅಬಾನ್ ತಿಂಗಳು. ರಮಝಾನ್ ಬರುವ ಮೊದಲೇ ಕಲಿತು ಮುಗಿಸಬೇಕೆಂಬ ಆತುರವಿತ್ತು. ಕುಂದಾಪುರದಿಂದ ಬಸ್ಸು ಹತ್ತಿ ಹೊನ್ನಾವರದಲ್ಲಿ ಇಳಿದೆವು. ಹದಿನಾಲ್ಕನೇ ಶತಮಾನದಲ್ಲಿ ಇಬ್ನ್ ಬತೂತ ಬಂದಿಳಿದ ಊರಿದು. ಇಲ್ಲಿ ಹೆಣ್ಣು ಮಕ್ಕಳಿಗೆ ಹದಿಮೂರು, ಗಂಡು ಮಕ್ಕಳಿಗೆ ಇಪ್ಪತ್ತಮೂರು ಪಾಠಶಾಲೆಗಳನ್ನು ಕಂಡೆನೆಂದೂ, ಊರಿನ ಹೆಂಗಸರಿಗೆ ಕುರ್‌ಆನ್ ಕಂಠಪಾಠವಿತ್ತೆಂದೂ ಅವನು ಬರೆದಿಟ್ಟಿದ್ದಾನೆ. ಹೊನ್ನಾವರ ದಾಟುವಾಗಲೆಲ್ಲ ಮಗಳಿಗೆ ಇದನ್ನು ಹೇಳುತ್ತೇನೆ. ಈ ಸಲ ಅವಳೇ ನನಗಿಂತ ಮೊದಲು ಹೇಳಿದಳು.

ಹೊನ್ನಾವರದಿಂದ ರಸ್ತೆ ಶರಾವತಿಯ ಪಕ್ಕದಲ್ಲೇ ಗೇರುಸೊಪ್ಪೆಯವರೆಗೆ ಸಾಗಿ, ಅಲ್ಲಿಂದ ಘಟ್ಟ ಏರುತ್ತದೆ. ಮಾವಿನಗುಂಡಿ ತಲುಪುವ ಹೊತ್ತಿಗೆ ಕರಾವಳಿಯ ಬೆವರು ಆರಿ ಮೈಗೆ ಚಳಿ ತಾಗಿತು. ಅಲ್ಲಿಂದ ಸಿದ್ದಾಪುರಕ್ಕೆ ಹೆಚ್ಚು ದೂರವಿಲ್ಲ. ದಾರಿಯುದ್ದಕ್ಕೂ ಅಡಿಕೆ ತೋಟಗಳು, ಸೊಪ್ಪು ಸವರಿದ ಬೆಟ್ಟದ ಮರಗಳು, ನಡುನಡುವೆ ಕೊಯ್ಲು ಮುಗಿದ ಗದ್ದೆಗಳು. ಕಿಟಕಿಯ ಪಕ್ಕ ಕುಳಿತವರಿಗೆ ಆಲೆಮನೆ ಕಣ್ಣಿಗೆ ಬೀಳುವ ಮೊದಲು ಮೂಗಿಗೆ ಸಿಗುತ್ತದೆ. ಬೆಲ್ಲದ ಕಂಪಿಗೆ ಹೊಗೆಯ ವಾಸನೆ ಬೆರೆತು ಬರುತ್ತದೆ.

ಕೆನಡಾದ ಹವ್ಯಾಸದ ಬಗ್ಗೆ ಅಕ್ಕನ ಮಗ ಹೇಳಿದ್ದನ್ನು ಇಲ್ಲೇ ಬರೆದುಬಿಡುತ್ತೇನೆ. ಚಳಿಗಾಲ ಮುಗಿಯುತ್ತಾ ಬಂದಾಗ ಅಲ್ಲಿ ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿ, ಹಗಲು ಮಂಜು ಕರಗುವಷ್ಟು ಬಿಸಿಲು. ಈ ಏರಿಳಿತದಿಂದ ಮರದೊಳಗಿನ ರಸ ಹರಿಯತೊಡಗುತ್ತದೆ. ಕಾಂಡದಲ್ಲಿ ಒಂದೆರಡು ಅಂಗುಲ ಆಳದ ಸಣ್ಣ ತೂತು ಕೊರೆದು, ಕೊಳವೆ ಸಿಕ್ಕಿಸಿ, ಬಕೆಟ್ ತೂಗುಹಾಕುತ್ತಾರೆ. ಬಿಳಿಯರು ಹೋಗುವುದಕ್ಕೂ ಮೊದಲು ಅಲ್ಲಿನ ಮೂಲನಿವಾಸಿಗಳಿಗೆ ಗೊತ್ತಿದ್ದ ವಿದ್ಯೆಯಿದು. ಸಿಗುವ ರಸದಲ್ಲಿ ಸಕ್ಕರೆ ನೂರಕ್ಕೆ ಎರಡು ಪಾಲಿನಷ್ಟು ಮಾತ್ರ. ನೋಡಲು ನೀರೇ. ನಲವತ್ತು ಲೀಟರ್ ಕಾಯಿಸಿದರೆ ಒಂದು ಲೀಟರ್ ಪಾಕ.

ಇದನ್ನು ಕೇಳಿ ಖಾಲಾ, "ನಮ್ಮ ಕಬ್ಬು ಇಷ್ಟು ಜಿಪುಣವಲ್ಲ" ಎಂದಿದ್ದರು. ಅವರ ಮಾತು ಸರಿ. ಒಳ್ಳೆಯ ಕಬ್ಬಿನ ಹಾಲಿನಲ್ಲಿ ನೂರಕ್ಕೆ ಹದಿನೆಂಟರ ಆಸುಪಾಸು ಸಿಹಿಯಿರುತ್ತದೆ. ಇಪ್ಪತ್ತು ಲೀಟರ್ ಕಾಯಿಸಿದರೆ ಸುಮಾರು ಐದು ಕಿಲೋ ಜೋನಿ ಸಿಗುತ್ತದೆ.

ನಮ್ಮಲ್ಲೂ ಮರದ ರಸ ಇಲ್ಲವೆಂದಲ್ಲ. ಈ ಕಾಡುಗಳಲ್ಲಿ ಬೈನೆ ಮರವಿದೆ. ಅದರ ಹೂಗೊನೆ ಕೊಯ್ದರೆ ಸಿಹಿ ರಸ ಇಳಿಯುತ್ತದೆ. ಆದರೆ ನಮ್ಮ ಸೆಕೆಯಲ್ಲಿ ಅದು ಗಂಟೆಗಳೊಳಗೆ ಹುಳಿತು ಹೆಂಡವಾಗುತ್ತದೆ. ನಮ್ಮಂಥ ಮನೆಗಳಿಗೆ ಅದು ಸಲ್ಲದು. ಮೇಲಾಗಿ ರಸ ಇಳಿಸಲು ಸರಕಾರದ ಪರವಾನಿಗೆ ಬೇಕು. ಹಾಗಾಗಿ ಹಿತ್ತಲ ಹವ್ಯಾಸಕ್ಕೆ ಕಬ್ಬೇ ವಾಸಿ. ಕಬ್ಬಿನ ಹಾಲೂ ಹುಳಿಯುತ್ತದೆ ಎಂಬುದನ್ನು ಮಾತ್ರ ಮರೆಯಬಾರದು. ಬೆಳಿಗ್ಗೆ ಹಿಂಡಿದ್ದನ್ನು ಬೆಳಿಗ್ಗೆಯೇ ಒಲೆಗೇರಿಸಬೇಕು.

ಮರುದಿನ ಸುಬ್‌ಹ್ ನಮಾಝ್ ಮುಗಿಸಿ ನೆರೆಯ ಹವ್ಯಕರ ಮನೆಯ ಆಲೆಮನೆಗೆ ಕ್ಯಾನ್ ಹಿಡಿದು ಹೋದೆವು. ಎರಡು ಮನೆಗಳಿಗೂ ನಾಲ್ಕು ತಲೆಮಾರಿನ ಬಳಕೆ. ಗದ್ದೆಯ ಬದಿಯಲ್ಲಿ ಚಪ್ಪರ, ಚಪ್ಪರದ ಮುಂದೆ ಗಾಣ, ನೊಗಕ್ಕೆ ಕಟ್ಟಿದ ಜೋಡಿ ಕೋಣಗಳು. ಯಂತ್ರದ ಗಾಣ ಬಂದು ಎಷ್ಟೋ ಕಾಲವಾದರೂ ಈ ಮನೆಯವರು ವರ್ಷಕ್ಕೆ ನಾಲ್ಕು ದಿನ ಕೋಣದ ಗಾಣ ಹೂಡುತ್ತಾರೆ. ನೆಂಟರಿಷ್ಟರು ಮಂಡಕ್ಕಿ, ಮಿರ್ಚಿ ಭಜಿ ತಿಂದು, ಹೊಟ್ಟೆ ತುಂಬ ಹಾಲು ಕುಡಿದು ಹೋಗುತ್ತಾರೆ. ಕುಡಿದವರಿಂದ ಹಣ ಕೇಳುವ ಪದ್ಧತಿಯಿಲ್ಲ. ಆ ಮನೆಯ ಅಮ್ಮ ನನ್ನ ಮಗಳ ಕೈಗೆ ದೊಡ್ಡ ಲೋಟ ಕೊಟ್ಟು, "ಕುಡಿ ತಂಗಿ, ಮುಂದಿನ ವರ್ಷ ಇರ್ತದೋ ಇಲ್ಲವೋ" ಎಂದರು.

ಆ ಮಾತಿನ ಅರ್ಥ ಆಮೇಲೆ ತಿಳಿಯಿತು. ಮಳೆಗಾಲ ಬಂದೊಡನೆ ಆ ಗದ್ದೆಗೂ ಅಡಿಕೆ ಸಸಿ ಬೀಳಲಿದೆಯಂತೆ. ಕಬ್ಬು ಕಡಿಯಲು ಆಳಿಲ್ಲ. ಮಂಗ, ಕಾಡುಹಂದಿಗಳ ಬಾಯಿಗೆ ಹೋಗಿ ಉಳಿದದ್ದಷ್ಟೇ ಕೈಗೆ. ರಸದಾಳಿಯಂಥ ಮೆತ್ತನೆಯ ಕಬ್ಬನ್ನಂತೂ ಮಂಗಗಳು ನಮಗಿಂತ ಚೆನ್ನಾಗಿ ಬಲ್ಲವು. ಅಡಿಕೆಗಾದರೆ ಬೆಲೆಯಿದೆ, ಹೆಸರಿದೆ. ಶಿರಸಿ ಅಡಿಕೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಗದ್ದೆಗಳೆಲ್ಲ ತೋಟವಾಗುತ್ತಿರುವಾಗ ಅವರೊಬ್ಬರೇ ಕಬ್ಬು ಹಿಡಿದು ಕೂರಬೇಕೆಂದು ಹೇಳಲು ನಾವು ಯಾರು? ಆದರೂ ನನಗೆ ಸಂಕಟವಾಯಿತು.

ಇಪ್ಪತ್ತು ಲೀಟರ್ ಹಾಲು ತಂದು ತೆಳುಬಟ್ಟೆಯಲ್ಲಿ ಸೋಸಿದೆವು. ಇಲ್ಲಿ ನನ್ನ ಮೊದಲ ಜಾಣತನ. ಮದುವೆಯ ಬಿರಿಯಾನಿಗೆ ಬಳಸುವ ಕಲಾಯಿ ಹಾಕಿದ ತಾಮ್ರದ ದೇಗ್ ಮನೆಯಲ್ಲಿತ್ತು. ಇಷ್ಟು ಹಾಲಿಗೆ ಇದೇ ಸರಿ ಎಂದು ಅದನ್ನೇ ಹಿತ್ತಲ ಮೂರು ಕಲ್ಲಿನ ಒಲೆಗೇರಿಸಿದೆ. ಖಾಲಾ ಆಸ್ಪತ್ರೆಗೆ ಹೋಗಿದ್ದರು. ಇದ್ದಿದ್ದರೆ ತಡೆಯುತ್ತಿದ್ದರು. ಬೆಂಕಿ ಚೆನ್ನಾಗಿಯೇ ಉರಿಯಿತು. ಲುಹ್ರ್ ಆಯಿತು, ಅಸ್ರ್ ಸಮೀಪಿಸಿತು, ಹಾಲು ಅರ್ಧಕ್ಕೂ ಇಳಿದಿಲ್ಲ. ಬೇಸತ್ತು ಉರಿ ಹೆಚ್ಚಿಸಿದೆ. ಮೇಲೆ ತಿಳಿಯಾಗಿಯೇ ಕಾಣುತ್ತಿತ್ತು. ತಳ ಹಿಡಿದಿದ್ದು ವಾಸನೆ ಬಂದ ಮೇಲೆಯೇ ಗೊತ್ತಾಯಿತು. ಐದು ಕಿಲೋ ಜೋನಿಯ ಬದಲು ಸಿಕ್ಕಿದ್ದು ಟಾರಿನಂಥ ಕಹಿ ಪಾಕ.

ಖಾಲಾ ಬಂದು ನೋಡಿದರು. ಬೈಯಲಿಲ್ಲ. "ಬೇಟಿ, ದೇಗ್ ಇರುವುದು ಹಬೆಯನ್ನು ಒಳಗೆ ಹಿಡಿಯುವುದಕ್ಕೆ. ಇಲ್ಲಿ ಹಬೆ ಹೊರಗೆ ಹೋಗಬೇಕಲ್ಲ" ಎಂದರು. ಎಷ್ಟು ಸರಳ! ಬಿರಿಯಾನಿಯ ದಮ್‌ಗೆ ಬೇಕಾದದ್ದು ಆಳವಾದ, ಬಾಯಿ ಕಿರಿದಾದ ಪಾತ್ರೆ. ಜೋನಿಗೆ ಬೇಕಾದದ್ದು ಅದಕ್ಕೆ ತದ್ವಿರುದ್ಧ. ಆಲೆಮನೆಯ ಕೊಪ್ಪರಿಗೆ ಅಷ್ಟು ಅಗಲ, ಅಷ್ಟು ತಗ್ಗು ಯಾಕೆಂದು ಆಗ ತಲೆಗೆ ಹೋಯಿತು. ಕೆನಡಾದವರೂ ಚಪ್ಪಟೆ ತಟ್ಟೆಯಂಥ ಪಾತ್ರೆಯಲ್ಲೇ ಕಾಯಿಸುತ್ತಾರಂತೆ. ಪಾತ್ರೆ ಅಗಲವಾದಷ್ಟೂ ನೀರು ಬೇಗ ಆರುತ್ತದೆ. ಬೇಗ ಆರಿದಷ್ಟೂ ಬಣ್ಣ ತಿಳಿಯಾಗಿ, ರುಚಿ ಹಗುರವಾಗಿ ಬರುತ್ತದೆ.

ಅಗಲ ಕಡಾಯಿ ಕೊಳ್ಳಲು ಶಿರಸಿಗೆ ಹೋದೆವು. ಸಿದ್ದಾಪುರದಿಂದ ಒಂದು ಗಂಟೆಯ ದಾರಿ. ಶಿರಸಿ ಪೇಟೆಯಲ್ಲಿ ಅಡಿಕೆಯದ್ದೇ ದರ್ಬಾರು. ಬೆಳೆಗಾರರು 1923ರಲ್ಲಿ ಕಟ್ಟಿದ ತೋಟಗಾರ್ಸ್ ಸೇಲ್ ಸೊಸೈಟಿ, ಜನರ ಬಾಯಲ್ಲಿ ಟಿ.ಎಸ್.ಎಸ್., ಇಂದಿಗೂ ಊರಿನ ದೊಡ್ಡ ಹೆಸರು. ನಮಗೆ ಬೇಕಾದ ಕಡಾಯಿ ಪಾತ್ರೆ ಅಂಗಡಿಯಲ್ಲಿ ಸಿಕ್ಕಿತು. ಜೊತೆಗೆ ಅಕ್ಕ ಒಂದು ಮಣ್ಣಿನ ಗಡಿಗೆಯನ್ನೂ ಕೊಂಡಳು. ಅದು ತೊಡೆದೇವು ಮಾಡಲು. ಗಡಿಗೆಯನ್ನು ಒಲೆಯ ಮೇಲೆ ಬೋರಲಾಗಿಟ್ಟು, ಅಕ್ಕಿಹಿಟ್ಟಿಗೆ ಕಬ್ಬಿನ ಹಾಲು ಅಥವಾ ಜೋನಿ ಬೆರೆಸಿದ ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಅದರ ಮೇಲೆ ಬಳಿಯುತ್ತಾರೆ. ಕಾಗದದಂತೆ ತೆಳ್ಳಗೆ ಎದ್ದು ಬರುತ್ತದೆ. ಶಿರಸಿ ಸೀಮೆಯ ಈ ತಿಂಡಿಯನ್ನು ನೆರೆಮನೆಯ ಅಮ್ಮ ಕ್ಷಣಕ್ಕೊಂದರಂತೆ ಎಬ್ಬಿಸುತ್ತಾರೆ. ನಾನು ಬಳಿದ ಒಂಬತ್ತರಲ್ಲಿ ಇಡಿಯಾಗಿ ಎದ್ದದ್ದು ಎರಡು.

ಶಿರಸಿಯ ಒಂದು ಅಂಗಡಿಯಲ್ಲಿ ಚಿನ್ನದ ಬಣ್ಣದ ಜೋನಿ ನೋಡಿ ಆಸೆಯಾಯಿತು. ಖಾಲಾ ಕೈ ಹಿಡಿದರು. ಬೆಲ್ಲಕ್ಕೆ ಹೊಳಪು ಬರಲೆಂದು ಕೆಲವರು ಹೈಡ್ರೋಸ್ ಎಂಬ ರಾಸಾಯನಿಕ ಹಾಕುತ್ತಾರೆ. ಬಣ್ಣ ನೋಡಿ ಮರುಳಾಗಬಾರದು. ಮನೆಯಲ್ಲಿ ಕಾಯಿಸಿದ ಜೋನಿ ಕಂದೇ ಇರುತ್ತದೆ. ಗಟ್ಟಿ ಕಾಫಿ ಡಿಕಾಕ್ಷನ್ನಿನಷ್ಟು ಕಪ್ಪಾದರೆ ಮಾತ್ರ ಉರಿ ಜಾಸ್ತಿಯಾಯಿತೆಂದು ತಿಳಿಯಬೇಕು.

ಎರಡನೇ ಸಲ ಖಾಲಾ ಒಲೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತರು. ನಾನು, ಅಕ್ಕ, ನನ್ನ ಮಗಳು ಸರದಿಯಲ್ಲಿ ಸೌಟು ಹಿಡಿದೆವು. ಹಾಲು ಬಿಸಿಯಾಗುತ್ತಾ ಕುದಿ ಬರುವ ಮುನ್ನ ಮೇಲೆ ಕೊಳೆ ಕಟ್ಟಿ ನಿಲ್ಲುತ್ತದೆ. ಅದನ್ನು ತೂತಿನ ಸೌಟಿನಿಂದ ತಾಳ್ಮೆಯಿಂದ ತೆಗೆಯಬೇಕು. ಕುದಿ ಬಂದ ಮೇಲೆ ಕೊಳೆ ಒಳಗೇ ಬೆರೆತು ಹೋಗುತ್ತದೆ. ಕೊಳೆ ಬೇಗ ಕಟ್ಟಲೆಂದು ತಿಳಿ ಸುಣ್ಣದ ನೀರನ್ನು ಎರಡು ಚಮಚದಷ್ಟು ಹಾಕಿದರು. ಹೆಚ್ಚಾದರೆ ಬೆಲ್ಲ ಕಪ್ಪಾಗುತ್ತದೆ. ಕೆಲವು ಕಡೆ ಬೆಂಡೆ ಗಿಡದ ಕಾಂಡ ಜಜ್ಜಿ ಅದರ ಲೋಳೆ ಬಳಸುತ್ತಾರೆ. ಆಮೇಲೆ ಗಂಟೆಗಟ್ಟಲೆ ಕುದಿ. ನೊರೆ ಉಕ್ಕಿ ಬಂದಾಗ ಒಂದು ಹನಿ ಕೊಬ್ಬರಿ ಎಣ್ಣೆ ಬಿಟ್ಟರೆ ಸಾಕು, ಇಳಿಯುತ್ತದೆ. ಮೇಪಲ್ ಪಾಕ ಉಕ್ಕಿದರೆ ಕೆನಡಾದಲ್ಲಿ ಬೆಣ್ಣೆಯ ಚೂರು ಹಾಕುತ್ತಾರಂತೆ. ಉಪಾಯ ಒಂದೇ!

ಅಕ್ಕನ ಮಗ ಬಿಟ್ಟುಹೋದ ಥರ್ಮಾಮೀಟರ್ ನನ್ನ ಕೈಯಲ್ಲಿತ್ತು. ನೀರು ಕುದಿಯುವ ಬಿಸಿಗಿಂತ ನಾಲ್ಕು ಡಿಗ್ರಿ ಮೇಲೇರಿದರೆ ಮೇಪಲ್ ಪಾಕ ಸಿದ್ಧ. ಜೋನಿಗೆ ಐದಾರು ಡಿಗ್ರಿ. ಅಚ್ಚು ಬೆಲ್ಲಕ್ಕಾದರೆ ಹದಿನೇಳು ಹದಿನೆಂಟರವರೆಗೆ ಹೋಗಬೇಕು. ಒಂದು ಸೂಕ್ಷ್ಮವಿದೆ. ಸಿದ್ದಾಪುರ ಸಮುದ್ರ ಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ನೀರು 98 ಡಿಗ್ರಿಗೇ ಕುದಿಯುತ್ತದೆ. ಮೊದಲು ಬರೀ ನೀರು ಕುದಿಸಿ ಅಂಕಿ ಗುರುತಿಟ್ಟುಕೊಂಡು, ಅಲ್ಲಿಂದ ಲೆಕ್ಕ ಹಾಕಬೇಕು. ಕುಂದಾಪುರದ ಅಂಕಿಯನ್ನು ಸಿದ್ದಾಪುರಕ್ಕೆ ತಂದರೆ ಜೋನಿ ಪಾಕ ಮೀರುತ್ತದೆ.

ಖಾಲಾ ಥರ್ಮಾಮೀಟರ್ ಕಡೆ ನೋಡಲಿಲ್ಲ, ರುಚಿಯನ್ನಂತೂ ನೋಡುವಂತಿಲ್ಲ. ಕಿವಿಗೊಟ್ಟು ಕುಳಿತಿದ್ದರು. "ಮೊದಲು ಮಳೆ ಬಂದ ಹಾಗೆ ಸದ್ದು. ಆಮೇಲೆ ಗಂಜಿ ಕುದಿದ ಹಾಗೆ, ಪಟ್ ಪಟ್ ಅನ್ನುತ್ತದೆ. ಆಗ ಏಳಬೇಕು" ಎಂದರು. ಸದ್ದು ಬದಲಾಯಿತು. ಸಣ್ಣ ಗುಳ್ಳೆಗಳು ಹೋಗಿ ದೊಡ್ಡ, ಸೋಮಾರಿ ಗುಳ್ಳೆಗಳು ಬಂದವು. ಸೌಟೆತ್ತಿ ತೋರಿಸಲು ಹೇಳಿದರು. ಹನಿಗಳು ಬಿಡಿಬಿಡಿಯಾಗಿ ಬೀಳದೆ ಒಂದಕ್ಕೊಂದು ಅಂಟಿ ಅಗಲವಾಗಿ ಜಾರಿದವು. ಬೆರಳ ನಡುವೆ ಹಿಡಿದಾಗ ಎಳೆ ಬಂದು, ಕೂಡಲೇ ಮುರಿಯಿತು. "ಬಸ್, ಇಳಿಸಿ!" ನಾನು ಕುತೂಹಲಕ್ಕೆ ಥರ್ಮಾಮೀಟರ್ ಇಟ್ಟೆ. 104 ತೋರಿಸುತ್ತಿತ್ತು.

"ಎಳೆ ಮುರಿಯದೆ ನಿಂತರೆ?" ಎಂದು ಮಗಳು ಕೇಳಿದಳು. "ಆಗ ಅದು ಜೋನಿ ಅಲ್ಲ, ತಳದಲ್ಲಿ ಸಕ್ಕರೆ ಹರಳು ಕೂರುತ್ತದೆ. ಎಳೆಯೇ ಬರದಿದ್ದರೆ ತಿಂಗಳೊಳಗೆ ನೊರೆ ಬಂದು ಹುಳಿಯುತ್ತದೆ" ಎಂದರು. ಅವಳು ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡಳು. ಖಾಲಾ ಪುಸ್ತಕ ಮುಚ್ಚಿಸಿ, ಅವಳ ಕೈಗೇ ಸೌಟು ಕೊಟ್ಟು ಇನ್ನೆರಡು ಸಲ ಎಳೆ ನೋಡಿಸಿದರು.

ಬಿಸಿ ಇರುವಾಗಲೇ ಬಟ್ಟೆಯಲ್ಲಿ ಸೋಸಿ, ಕುದಿಸಿ ಒಣಗಿಸಿದ ಗಾಜಿನ ಭರಣಿಗಳಿಗೆ ತುಂಬಿದೆವು. ಒದ್ದೆ ಚಮಚ ಮುಟ್ಟಿಸಬಾರದು. ಮಕ್ಕಳನ್ನು ಒಲೆಯ ಹತ್ತಿರ ಬಿಡಬೇಡಿ. ಕುದಿಯುವ ನೀರು ಮೈಮೇಲೆ ಬಿದ್ದರೆ ಹರಿದುಹೋಗುತ್ತದೆ, ಪಾಕ ಅಂಟಿಕೊಂಡು ಸುಡುತ್ತದೆ.

ಊರಿಗೆ ಮರಳುವ ಮೊದಲು ಯಲ್ಲಾಪುರದಲ್ಲಿರುವ ಅಕ್ಕನ ನಾದಿನಿಯ ಮನೆಗೆ ಹೋದೆವು. ಶಿರಸಿಯಿಂದ ಯಲ್ಲಾಪುರದ ದಾರಿಯಲ್ಲಿ ಕಾಡು ದಟ್ಟವಾಗುತ್ತಾ ಹೋಗುತ್ತದೆ. ಇದು ಅಪ್ಪಿಕೋ ಚಳವಳಿಯ ಸೀಮೆ. 1983ರಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ನಿಂತು ಕಡಿತ ತಡೆದರು. ಅದನ್ನು ನೆನೆದಾಗ ನನ್ನ ಒಲೆಗೆ ಹೋದ ಕಟ್ಟಿಗೆಯ ಲೆಕ್ಕ ಕಣ್ಣ ಮುಂದೆ ಬಂತು. ಇಪ್ಪತ್ತು ಲೀಟರಿಗೆ ಹದಿನೈದು ಕಿಲೋಗೂ ಹೆಚ್ಚು ಕಟ್ಟಿಗೆ ಸುಟ್ಟಿದ್ದೆವು. ಆಲೆಮನೆಯಲ್ಲಿ ಹಾಗಲ್ಲ. ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಒಣಗಿಸಿ ಒಲೆಗಿಡುತ್ತಾರೆ. ಕಬ್ಬಿನ ಹಾಲನ್ನು ಕಬ್ಬೇ ಕಾಯಿಸುತ್ತದೆ.

ಯಲ್ಲಾಪುರ ಹುಬ್ಬಳ್ಳಿ-ಅಂಕೋಲಾ ಹೆದ್ದಾರಿಯ ಊರು. ಮಾಗೋಡು, ಸಾತೊಡ್ಡಿ ಜಲಪಾತಗಳಿಗೆ ಹೋಗುವವರು ಇಲ್ಲಿ ಇಳಿಯುತ್ತಾರೆ. ನಾದಿನಿಗೆ ಹಿತ್ತಲಿಲ್ಲ, ಒಲೆಯಿಲ್ಲ, ಪರಿಚಯದ ಆಲೆಮನೆಯೂ ಇಲ್ಲ. "ನಮ್ಮಂಥವರಿಗೆ ಇದೆಲ್ಲ ಎಲ್ಲಿಂದ?" ಎಂದಳು. ಸರಿ, ರಸ್ತೆ ಬದಿಯ ಕಬ್ಬಿನ ಯಂತ್ರದವನಲ್ಲಿ ಐಸು, ಶುಂಠಿ, ಲಿಂಬೆ ಏನೂ ಬೆರೆಸದ ಐದು ಲೀಟರ್ ಹಿಂಡಿಸಿಕೊಂಡು ಬಂದು, ಅಗಲ ಬಾಣಲೆಯಲ್ಲಿ ಗ್ಯಾಸ್ ಮೇಲಿಟ್ಟೆವು. ಎರಡು ಗಂಟೆಗೆ ಒಂದು ಕಿಲೋಗಿಂತ ತುಸು ಹೆಚ್ಚು ಜೋನಿ ಬಂತು. ಗ್ಯಾಸಿನ ಖರ್ಚು ಸೇರಿಸಿದರೆ ಅಂಗಡಿಯದ್ದೇ ಅಗ್ಗ, ಸುಳ್ಳು ಹೇಳಲಾರೆ. ಕಿಟಕಿಗಳನ್ನೆಲ್ಲ ತೆರೆದಿಡಿ, ಇಲ್ಲದಿದ್ದರೆ ನಾಲ್ಕು ಲೀಟರ್ ನೀರು ಹಬೆಯಾಗಿ ನಿಮ್ಮ ಗೋಡೆಗಳ ಮೇಲೆಯೇ ಕೂರುತ್ತದೆ. ಆದರೆ ಹೊಸಬರು ಹದ ಕಲಿಯಲು ಐದು ಲೀಟರಿನ ಪಾಠವೇ ಒಳ್ಳೆಯದು. ಕೆಟ್ಟರೂ ನಷ್ಟ ಸಣ್ಣದು.

ಜೋನಿಯೂ ಸಕ್ಕರೆಯೇ ಎಂಬುದನ್ನು ಮರೆಯಬೇಡಿ. ಬೆಲ್ಲದಿಂದ ಸಕ್ಕರೆ ಕಾಯಿಲೆಗೆ ತೊಂದರೆಯಿಲ್ಲವೆಂದು ಹೇಳುವವರನ್ನು ನಂಬಬೇಡಿ. ಖಾಲಾ ಆ ಇಡೀ ವಾರ ಒಂದು ಹನಿಯನ್ನೂ ನಾಲಿಗೆಗಿಡಲಿಲ್ಲ.

ಆ ರಮಝಾನಿನಲ್ಲಿ ನಮ್ಮ ಮನೆಯ ಇಫ್ತಾರ್ ಶರಬತ್ತಿಗೆ ಬಿದ್ದದ್ದು ಸಿದ್ದಾಪುರದ ಜೋನಿ. ತಣ್ಣೀರು, ಲಿಂಬೆ, ನೆನೆಸಿದ ಕಾಮಕಸ್ತೂರಿ ಬೀಜ, ಎರಡು ಚಮಚ ಜೋನಿ. ಒಂದು ಭರಣಿಯ ತಳದಲ್ಲಿ ಸ್ವಲ್ಪ ಹರಳು ಕೂತಿತ್ತು. ಅದು ನನ್ನ ಸರದಿಯಲ್ಲಿ ಇಳಿಸಿದ್ದಿರಬೇಕು. ಒಂಟಾರಿಯೊದಲ್ಲಿ ಆಗ ಮೇಪಲ್ ಹರಿಯುವ ಕಾಲ. ವಿಡಿಯೋ ಕರೆಯಲ್ಲಿ ಅಕ್ಕನ ಮಗ ಹಿಮದ ನಡುವೆ ಹಬೆಯಾಡುವ ಪಾತ್ರೆ ತೋರಿಸುತ್ತಿದ್ದ. ಆ ಕಡೆಯಿಂದ ಖಾಲಾ ಕೂಡ ಕರೆಯಲ್ಲಿದ್ದರು. "ಮೊಬೈಲು ಪಾತ್ರೆಯ ಹತ್ತಿರ ಹಿಡಿ, ಸದ್ದು ಕೇಳಬೇಕು" ಎಂದರು. ಅವನು ಹಿಡಿದ. ಸ್ವಲ್ಪ ಹೊತ್ತು ಕೇಳಿ, "ಇನ್ನೂ ಮಳೆಯೇ ಬರುತ್ತಿದೆ, ತಡಿ" ಎಂದರು.

ನೆರೆಯವರ ಗದ್ದೆಗೆ ಜೂನ್‌ನಲ್ಲಿ ಅಡಿಕೆ ಸಸಿ ಬಿದ್ದವು. ಅದಕ್ಕೂ ಮೊದಲು, ಕಬ್ಬು ಕಡಿದ ಕೊನೆಯ ದಿನ, ಖಾಲಾ ಅಲ್ಲಿಂದ ಮೂರು ಮೂರು ಕಣ್ಣಿನ ಹನ್ನೆರಡು ತುಂಡು ಬೀಜದ ಕಬ್ಬು ತರಿಸಿ, ಬಚ್ಚಲ ನೀರು ಹರಿಯುವ ಜಾಗದಲ್ಲಿ ನೆಡಿಸಿದ್ದರಂತೆ. ಒಂಬತ್ತು ಚಿಗುರಿವೆ, ಮಂಗಗಳ ಕಾವಲಿಗೆ ನಿನ್ನ ಮಗಳನ್ನು ಕಳಿಸು ಎಂದು ಅಕ್ಕ ಫೋನ್ ಮಾಡಿದ್ದಾಳೆ.